ಸೌಟಮ್ಮ ಹಾಕಿದ ದಾರಿ

ಟೂರ್ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಊರೂರು ತಿರುಗಿದ ಹೆಂಗಸು ಒಂದೂ ಊರನ್ನು ಸರಿಯಾಗಿ ನೋಡಿಲ್ಲ ಎಂದರೆ ಯಾರು ನಂಬುತ್ತಾರೆ? ಮನೆಯವರಿಗೇ ಅದು ಗೊತ್ತಿರಲಿಲ್ಲ. ಹೊರಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಮೊಮ್ಮಗಳು ಕಾಲೇಜಿನ ಪುಸ್ತಕದಲ್ಲಿದ್ದ ಕೋಟೆಯ ಚಿತ್ರವನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದು, ಇದನ್ನು ಎಷ್ಟು ಸಲ ಹತ್ತಿದ್ದೀಯ ಎಂದು ಕೇಳಿದಳು.

ಅಜ್ಜಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. "ಒಂದು ಸಲಾನೂ ಇಲ್ಲ ಕಣೆ. ಅವರು ಮೇಲೆ ಹತ್ತೋ ಹೊತ್ತಿಗೆ ನಾನು ಕೆಳಗೆ ಒಲೆ ಹಚ್ಚಬೇಕಿತ್ತು. ಅವರು ಇಳಿಯೋ ಹೊತ್ತಿಗೆ ತಟ್ಟೆ ಜೋಡಿಸಿರಬೇಕಿತ್ತು. ನಡುವೆ ಕೋಟೆ ನೋಡೋಕೆ ಪುರಸೊತ್ತೆಲ್ಲಿ?"

ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಮಗಳು ಅದನ್ನು ಕೇಳಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಬಂದಳು. ಚಿಕ್ಕವಳಿದ್ದಾಗ ಅಮ್ಮ ಟೂರು ಮುಗಿಸಿ ಬರುವುದನ್ನೇ ಕಾಯುತ್ತಾ ಚಿಕ್ಕಮ್ಮನ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದವಳು ಅವಳು. ನಮ್ಮಮ್ಮ ಅರಮನೆ ನೋಡಲು ಹೋಗಿದ್ದಾಳೆ ಎಂದು ಬೀದಿಗೆಲ್ಲ ಜಂಬ ಕೊಚ್ಚಿದವಳು. ಆ ಸಂಜೆಯೇ ಗಂಡನೊಂದಿಗೆ ಕೂತು ತೀರ್ಮಾನಿಸಿಬಿಟ್ಟಳು. ಕಾಲೇಜಿಗೆ ರಜೆ ಬಂದ ಕೂಡಲೇ ಕಾರಿನಲ್ಲಿ ಐದು ದಿನ, ಬಸ್ಸು ಹೋಗುತ್ತಿದ್ದ ಅದೇ ಹಳೆಯ ಊರುಗಳಿಗೆ, ಈ ಸಲ ಅಮ್ಮ ಕೂತು ನೋಡಬೇಕು, ಬೇರೆಯವರು ಬಡಿಸಬೇಕು.

ಬಸ್ಸಿನವರು ಅಜ್ಜಿಯನ್ನು ಸೌಟಮ್ಮ ಎಂದು ಕರೆಯುತ್ತಿದ್ದರು. ಅವಳ ಗಂಡ ಆ ಬಸ್ಸಿನ ಅಡುಗೆಯವನಾಗಿದ್ದ. ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಸಮಾಧಾನ ಹೇಳಲು ಬಂದ ಮಾಲೀಕರು ಹೋಗುವಾಗ ಬಾಗಿಲಲ್ಲಿ ನಿಂತು, ಮುಂದಿನ ಸೋಮವಾರ ಬಸ್ಸು ಹೊರಡಬೇಕು, ಮೂವತ್ತೆಂಟು ಜನ ಹೆಸರು ಬರೆಸಿದ್ದಾರೆ, ಸೌಟು ಹಿಡಿಯುವ ಕೈಯೇ ಇಲ್ಲವಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು. ಒಳಗಿನಿಂದ ಇವಳು, ಸೌಟೂ ಇಲ್ಲೇ ಇದೆ, ಕೈಯೂ ಇದೆ ಎಂದಳು. ಹಾಗೆ ಅಂದದ್ದು ತಾನೇನಾ ಎಂದು ಆಮೇಲೆ ಅವಳಿಗೇ ಆಶ್ಚರ್ಯ. ಆ ಸೋಮವಾರ ಬಸ್ಸು ಹತ್ತಿದವಳು ತಿಂಗಳಿಗೊಂದು ಟೂರಿನಂತೆ ಇಪ್ಪತ್ತೆರಡು ವರ್ಷ ಇಳಿಯಲಿಲ್ಲ. ಬಸ್ಸಿನ ಕೊನೆಯ ಎರಡು ಸಾಲು ಸೀಟು ಕಿತ್ತುಹಾಕಿ ಮಾಡಿದ ಜಾಗ ಅವಳದು. ಸೀಮೆಎಣ್ಣೆ ಒಲೆ, ಪಾತ್ರೆ, ಚೀಲ, ಈರುಳ್ಳಿ ಬುಟ್ಟಿ, ಕಾಳು ನೆನೆಹಾಕಿದ ಮುಚ್ಚಳದ ಡಬ್ಬ, ಇವುಗಳ ನಡುವೆ ಒಂದು ಮರದ ಮಣೆ. ಅದೇ ಅವಳ ಮನೆ.

ಮಾರನೆಯ ದಿನದಿಂದ ಊಟದ ಮೇಜಿನ ಮೇಲೆ ಟೂರಿನ ಲೆಕ್ಕಾಚಾರ ಶುರುವಾಯಿತು. ಅಳಿಯ ಔಷಧಿ ಅಂಗಡಿಯವನು. ಯಾವುದನ್ನೇ ಆಗಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಭಾಗ ಮಾಡದೆ ಅವನಿಗೆ ಸಮಾಧಾನವಿಲ್ಲ. ಬೆಳಗ್ಗೆ ಒಂದು ಅರಮನೆ, ಊಟವಾದ ಮೇಲೆ ಒಂದು ಸೇತುವೆ ಎಂದು ಬರೆಸತೊಡಗಿದ. ಅಪ್ಪ, ಅರಮನೇನ ನೀರಿನ ಜೊತೆ ನುಂಗಬೇಕಾ, ಹಾಗೇ ಚಪ್ಪರಿಸಬೇಕಾ ಎಂದು ಮೊಮ್ಮಗಳು ಕೇಳಿದಳು. ನೋಟ್ ಪುಸ್ತಕದಲ್ಲಿ ಬರೆಯುವ ಕೆಲಸ ಅವಳದೇ. ದಾರಿ ಹೇಳುವ ಕೆಲಸ ಸೌಟಮ್ಮನದು.

ಸೌಟಮ್ಮನ ಬಾಯಲ್ಲಿ ಆ ಊರುಗಳಿಗೆ ಬೇರೆಯೇ ಹೆಸರು. ಮೊದಲನೆಯದು ಗಡಸು ನೀರಿನ ಊರು, ಅಲ್ಲಿ ಕಾಳು ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ. ಎರಡನೆಯದು ನೊಣದ ಊರು. ಮೂರನೆಯದು ಗಾಳಿ ಊರು, ಒಲೆಗೆ ಮೂರು ಕಡೆಯಿಂದ ತಗಡು ಅಡ್ಡ ನಿಲ್ಲಿಸಬೇಕಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಒಂದು ಚಿಕ್ಕ ಹಳ್ಳಿ, ಒಳ್ಳೆ ನೀರಿನ ಹಳ್ಳಿ. ಅಂದು ಸಂಜೆ ಕೋಟೆಯ ಊರು. ಐದನೆಯ ದಿನ ಜನ ಕೋಟೆ ಹತ್ತಿ ಇಳಿದ ಮೇಲೆ ಮನೆ. ಮೊಮ್ಮಗಳು ಫೋನಿನಲ್ಲಿ ಹುಡುಕಿ, ಗಡಸು ನೀರಿನ ಊರು ಎಂದರೆ ಹಳೆಯ ಕಲ್ಲು ಸೇತುವೆಯ ಊರು, ನೊಣದ ಊರು ಎಂದರೆ ಗಡಿಯಾರದ ಗೋಪುರದ್ದು, ಗಾಳಿ ಊರು ಎಂದರೆ ಹಾಳು ಅರಮನೆಯದ್ದು ಎಂದು ಹೊಂದಿಸಿಕೊಂಡಳು.

ದೂರ ಎಷ್ಟು ಎಂದು ಅಳಿಯ ಕೇಳಿದ. ಗಡಸು ನೀರಿನ ಊರಿಂದ ನೊಣದ ಊರಿಗೆ ಎರಡು ಬುಟ್ಟಿ ಈರುಳ್ಳಿ ಹೆಚ್ಚುವಷ್ಟು, ಎಂದಳು ಸೌಟಮ್ಮ. ಹಳ್ಳಿಯಿಂದ ಕೋಟೆಗೆ ಅರ್ಧ ಬುಟ್ಟಿಯೂ ಇಲ್ಲ. ಗಾಳಿ ಊರಿಂದ ಹಳ್ಳಿಗೆ ಮಾತ್ರ ದೂರ, ಬೆಳಗ್ಗೆ ನೆನೆಹಾಕಿದ ಕಾಳು ಅಲ್ಲಿಗೆ ಹೋಗುವಷ್ಟರಲ್ಲಿ ಉಬ್ಬಿ ಡಬ್ಬದ ಮುಚ್ಚಳ ಎತ್ತುತ್ತಿತ್ತು. ಅಳಿಯ ತಲೆ ಕೆರೆದುಕೊಂಡ. ಮೊಮ್ಮಗಳು ನಗುತ್ತಲೇ ಒಂದು ಬುಟ್ಟಿಗೆ ಇಪ್ಪತ್ತೆರಡು ಕಿಲೋಮೀಟರ್ ಎಂದು ಲೆಕ್ಕ ಹಿಡಿದಳು. ಫೋನಿಗೆ ಹಾಕಿ ನೋಡಿದರೆ ಹೆಚ್ಚುಕಡಿಮೆ ಸರಿಹೋಯಿತು. ಅಳಿಯನ ಹುಬ್ಬು ಮೇಲೆ ಹೋಯಿತು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಕೆಟ್ಟದ್ದು ಎಡಬಲದಲ್ಲಿ. ಸೇತುವೆ ದಾಟುವಾಗ ಸುಣ್ಣದ ಗೂಡು ಎಡಕ್ಕೆ ಸಿಗುತ್ತದೆ ಎಂದಳು ಸೌಟಮ್ಮ. ಫೋನಿನಲ್ಲಿ ಅದು ಬಲಕ್ಕಿತ್ತು. ಗಡಿಯಾರದ ಗೋಪುರ ಬಲಕ್ಕೆ ಎಂದಳು. ಎಡಕ್ಕಿತ್ತು. ಅರಮನೆಯ ಕೆರೆ ಎಡಕ್ಕೆ ಎಂದಳು, ಅದೂ ಬಲಕ್ಕೆ. ಮೊದಲ ಸಲ ಎಲ್ಲರೂ ನಕ್ಕರು, ಎರಡನೆಯ ಸಲ ಮಗಳು ನಗಲಿಲ್ಲ. ಮೂರನೆಯ ಸಲ ಮೊಮ್ಮಗಳು ಪೆನ್ನಿನ ತುದಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಸೌಟಮ್ಮ ಮಾತ್ರ ಪಟ್ಟು ಬಿಡಲಿಲ್ಲ. ನಿಮ್ಮ ಫೋನು ಹೋಗಿದೆಯಾ ಆ ಊರಿಗೆ, ನಾನು ಹೋಗಿದ್ದೀನಿ ಎಂದು ಕಡ್ಡಿ ಮುರಿದಂತೆ ಹೇಳಿ ಎದ್ದು ಹೋದಳು.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದವಳಿಗೆ ಮಗಳ ಪಿಸುಮಾತು ಕೇಳಿಸಿತು. ಅಮ್ಮನಿಗೆ ಮರೆವು ಶುರುವಾಗಿದೆ ಅನ್ಸುತ್ತೆ, ರೀ. ಹೋದ ವಾರ ಕನ್ನಡಕಾನೂ ಹುಡುಕುತ್ತಿದ್ದಳು.

ಮಾರನೆಯ ದಿನ ಅಳಿಯ ಬಹಳ ಮೆತ್ತಗೆ ಮಾತಾಡಿದ. ಔಷಧಿ ಅಂಗಡಿಯಲ್ಲಿ ಕೆಟ್ಟ ಕಾಯಿಲೆಯ ಚೀಟಿ ಹಿಡಿದು ಬಂದವರೊಡನೆ ಅವನು ಮಾತಾಡುತ್ತಿದ್ದದ್ದು ಅದೇ ದನಿಯಲ್ಲಿ. ಹೊಸ ರಸ್ತೆ ಬಂದಿರುವುದರಿಂದ ಐದು ದಿನ ಬೇಡ, ಮೂರು ಸಾಕು. ಆ ಹಳ್ಳಿ ಹೊಸ ರಸ್ತೆಯಿಂದ ಒಳಗಾಗುತ್ತದೆ, ಅಲ್ಲಿ ನೋಡುವಂಥದ್ದು ಏನೂ ಇಲ್ಲ, ಬಿಟ್ಟುಬಿಡೋಣ. ಕಾರಿನಲ್ಲಿ ಐದನೆಯ ಸೀಟು ಖಾಲಿ ಇದೆ, ಅವನ ಅಕ್ಕನೂ ಬರುತ್ತಾಳೆ, ಮೆಟ್ಟಿಲಲ್ಲಿ ಅತ್ತೆಯ ಕೈ ಹಿಡಿದುಕೊಳ್ಳಲು ಒಬ್ಬರು ಇದ್ದಂತಾಗುತ್ತದೆ.

"ಆ ಸೀಟು ಖಾಲೀನೇ ಇರಲಿ," ಎಂದಳು ಸೌಟಮ್ಮ.

ಯಾಕೆ ಎಂದು ಕೇಳಿದರು. ಅವಳು ಬಾಯಿ ಬಿಡಲಿಲ್ಲ.

ಬಿಡುವುದು ಹೇಗೆ? ಆ ಸೀಟು ಒಬ್ಬಳಿಗೆ ಕೊಟ್ಟು ಇಪ್ಪತ್ತಾರು ವರ್ಷವಾಗಿತ್ತು. ಒಳ್ಳೆ ನೀರಿನ ಹಳ್ಳಿಯಲ್ಲಿ ಪೊರಕೆ ಕಟ್ಟುವ ಹೆಂಗಸೊಬ್ಬಳಿದ್ದಳು. ಬಸ್ಸು ನಿಲ್ಲುವ ಮರದ ಎದುರೇ ಅವಳ ಮನೆ, ಹಿತ್ತಲಲ್ಲಿ ಬಾವಿ. ಮೊದಲ ಸಲ ನೀರು ಕೇಳಲು ಹೋದಾಗ, ಆ ಕಸದಲ್ಲಿ ಒಲೆ ಹೂಡ್ತೀಯಾ ಎಂದು ಗದರಿ, ಹೊಸ ಪೊರಕೆ ತಂದು ಮರದ ಬುಡವನ್ನು ತಾನೇ ಗುಡಿಸಿ ಕೊಟ್ಟಳು. ಅಂದಿನಿಂದ ಪ್ರತಿ ತಿಂಗಳೂ ಬಸ್ಸು ಬರುವ ಹೊತ್ತಿಗೆ ಆ ಜಾಗ ಗುಡಿಸಿರುತ್ತಿತ್ತು. ಕಾಳು ಬೇಯುವಷ್ಟು ಹೊತ್ತು ಇಬ್ಬರೂ ಮಾತಾಡುತ್ತಿದ್ದರು. ಒಬ್ಬಳು ಈರುಳ್ಳಿ ಹೆಚ್ಚುತ್ತಾ, ಇನ್ನೊಬ್ಬಳು ಪೊರಕೆ ಕಡ್ಡಿ ಸೀಳುತ್ತಾ. ತಿಂಗಳಿಗೆ ಒಂದು ಗಂಟೆ. ಎಲ್ಲ ಕೂಡಿಸಿದರೆ ಹನ್ನೊಂದು ದಿನವೂ ಆಗದ ಸ್ನೇಹ. ಆದರೆ ಗಂಡ ಸತ್ತ ಮೇಲೆ ಸೌಟಮ್ಮ ಯಾರ ಮುಂದಾದರೂ ಕಣ್ಣೀರು ಹಾಕಿದ್ದರೆ ಅದು ಆ ಮರದ ಕೆಳಗೆ. ಈರುಳ್ಳಿ ಇತ್ತಲ್ಲ, ಯಾರೂ ಕೇಳುತ್ತಿರಲಿಲ್ಲ.

ಪೊರಕೆಯಕ್ಕನ ಮನೆಯ ಮಾಳಿಗೆಯಿಂದ ಕೋಟೆ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತಿತ್ತು. ಅಷ್ಟು ದೂರದಿಂದ ಜನ ಬರ್ತಾರಲ್ಲ, ಏನಿದೆ ಅದರೊಳಗೆ ಎಂದು ಅವಳು ಒಂದು ದಿನ ಕೇಳಿದಳು. ನನಗೂ ಗೊತ್ತಿಲ್ಲ ಎಂದಳು ಇವಳು. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಆ ನಗುವಿನಲ್ಲೇ ಮಾತಾಯಿತು. ಮುಂದಿನ ತಿಂಗಳು ಮಾಲೀಕರನ್ನು ಕೇಳಿ ಒಂದು ಸೀಟು ಹಿಡಿದಿಡುತ್ತೇನೆ, ಒಳ್ಳೆಯ ಬಟ್ಟೆ ಹಾಕಿಕೊಂಡು ಮರದ ಕೆಳಗೆ ನಿಂತಿರು, ಇಬ್ಬರೂ ಕೋಟೆ ಹತ್ತೋಣ, ಒಂದು ದಿನ ಅಡುಗೆ ತಡವಾದರೆ ಯಾರೂ ಸಾಯುವುದಿಲ್ಲ. ಮಾಲೀಕರೂ ಒಪ್ಪಿದ್ದರು. ಆದರೆ ಮುಂದಿನ ತಿಂಗಳು ಬಸ್ಸು ಹೊರಡಲಿಲ್ಲ. ಕಂಪನಿ ಮುಚ್ಚಿತು. ಬಸ್ಸುಗಳನ್ನು ಯಾವುದೋ ಶಾಲೆಯವರು ಕೊಂಡರು. ಹಳ್ಳಿಗೆ ತಿಳಿಸಲು ಫೋನಿರಲಿಲ್ಲ, ಕಾಗದ ಬರೆಯಲು ಇವಳಿಗೆ ಬಾರದು, ಬರೆಸಿದರೆ ಓದಲು ಅವಳಿಗೆ ಬಾರದು. ಮೊದಮೊದಲು ಕೂಲಿಗೆ ಓಡಾಟ, ಆಮೇಲೆ ಮಗಳ ಮದುವೆ, ಬಾಣಂತನ. ಆ ದಿನ ಅವಳು ಒಳ್ಳೆಯ ಬಟ್ಟೆ ಹಾಕಿಕೊಂಡು ಎಷ್ಟು ಹೊತ್ತು ನಿಂತಿದ್ದಳೋ ಎಂಬುದು ಸೌಟಮ್ಮನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು.

ಇದನ್ನು ಮನೆಯಲ್ಲಿ ಹೇಳಿದರೆ, ಅವರು ಇದ್ದಾರೋ ಇಲ್ಲವೋ ಅತ್ತೆ ಎನ್ನುತ್ತಾರೆ. ಅದನ್ನು ಅವಳೂ ಯೋಚಿಸಿದ್ದಳು. ಆದರೆ ಈಗ ಅದಕ್ಕಿಂತ ದೊಡ್ಡ ಹೆದರಿಕೆ ಹಿಡಿದಿತ್ತು. ಗೋಪುರ, ಕೆರೆ, ಸುಣ್ಣದ ಗೂಡು ಎಲ್ಲ ತಪ್ಪಾದರೆ ಮರ ಸರಿಯೇ? ಬಾವಿ ಸರಿಯೇ? ಆ ನಗು, ಆ ಮಾತು ನಡೆದದ್ದೇ ಹೌದೇ? ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತು, ನಲ್ಲಿ ಎಡಕ್ಕೆ, ಒಲೆ ಬಲಕ್ಕೆ ಎಂದು ಹೇಳಿಕೊಂಡು ಕಣ್ಣು ಬಿಟ್ಟು ನೋಡಿದಳು. ಸರಿಯಾಗಿಯೇ ಇತ್ತು. ಆದರೂ ಧೈರ್ಯ ಬರಲಿಲ್ಲ. ಮೂರನೆಯ ದಿನ ಮೊಮ್ಮಗಳನ್ನು ಕರೆದು, ಹಾರ್ನಣ್ಣನಿಗೆ ಫೋನ್ ಮಾಡು ಎಂದಳು.

ಹಾರ್ನಣ್ಣ ಆ ಬಸ್ಸಿನ ಡ್ರೈವರ್. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯದೆ ಹೋಗುತ್ತಿರಲಿಲ್ಲವೆಂದು ಆ ಹೆಸರು. ಈಗ ಎಂಬತ್ತರ ಹತ್ತಿರ, ಊರಿನ ಆಚೆ ತುದಿಯಲ್ಲಿ ಮಗನ ಮನೆಯಲ್ಲಿದ್ದ. ಎರಡು ಸಿಟಿ ಬಸ್ಸು ಬದಲಿಸಿ, ಇಬ್ಬರು ಡ್ರೈವರುಗಳಿಗೂ ಬುದ್ಧಿ ಹೇಳಿ, ಬೆಳಗಿನ ಹತ್ತು ಗಂಟೆಗೆ ಬಂದಿಳಿದ. ಕಾಫಿ ಕುಡಿದು, ಮೇಜಿನ ಮೇಲಿನ ಪುಸ್ತಕ ಓದಿಸಿಕೊಂಡು ಕೇಳಿದ. ಸುಣ್ಣದ ಗೂಡಿನ ಹತ್ತಿರ ಬರುತ್ತಿದ್ದ ಹಾಗೆ ಕೈಯೆತ್ತಿ ತಡೆದ.

"ಎಡಕ್ಕೆ ಅಂತ ಯಾರು ಹೇಳಿದ್ದು?"

"ನಾನೇ," ಎಂದಳು ಸೌಟಮ್ಮ.

"ಅಕ್ಕ, ಸ್ಟೇರಿಂಗ್ ಯಾರ ಕೈಲಿತ್ತು? ಅದು ಬಲಕ್ಕೆ."

"ನಿನ್ನ ಸ್ಟೇರಿಂಗ್ ಕತೆ ಹೇಳಬೇಡ. ಒಂದು ಸಲ ನೊಣದ ಊರಲ್ಲಿ ನಮ್ಮನ್ನೆಲ್ಲ ಮರೆತು ಖಾಲಿ ಬಸ್ ತಗೊಂಡು ಹೋಗಿದ್ದೆ."

ಅದು ಬೇರೆ ವಿಷಯ ಎಂದ ಹಾರ್ನಣ್ಣ. ಗೋಪುರಕ್ಕೂ ಜಗಳ, ಕೆರೆಗೂ ಜಗಳ. ಇಬ್ಬರೂ ಏರಿದ ದನಿಯಲ್ಲಿ ಆಣೆ ಇಡುವ ಮಟ್ಟಕ್ಕೆ ಹೋದರು. ಮಗಳು ಗಂಡನ ಮುಖ ನೋಡಿದಳು, ಗಂಡ ಫೋನು ನೋಡಿದ. ಸೌಟಮ್ಮನ ದನಿ ಸಣ್ಣಗಾಯಿತು. ಹಾಗಾದ್ರೆ ನನಗೇ ಏನೋ ಆಗಿದೆ ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಹಾರ್ನಣ್ಣ ಜಗಳ ನಿಲ್ಲಿಸಿದ. ಇಪ್ಪತ್ತೆರಡು ವರ್ಷದಲ್ಲಿ ಆ ಹೆಂಗಸು ಸೋತದ್ದನ್ನು ಅವನು ನೋಡಿರಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು ಎದ್ದು, ಕುರ್ಚಿಯೊಂದನ್ನು ಎಳೆದು ಅದರ ಹಿಂದೆ ನೆಲದ ಮೇಲೆ ಒಂದು ದಿಂಬು ಹಾಕಿದ. ಇದು ಬಸ್ಸು ಅಂತಿಟ್ಟುಕೋ, ಮುಂದುಗಡೆ ಮನೆ ಬಾಗಿಲ ಕಡೆ, ನೀನು ಈರುಳ್ಳಿ ಹೆಚ್ಚೋಕೆ ಕೂತ ಹಾಗೆ ಕೂತ್ಕೋ ಎಂದ. ಸೌಟಮ್ಮ ಮಂಡಿ ಹಿಡಿದುಕೊಂಡು ಕೂತಳು. ಕೂರುವಾಗ ಯೋಚಿಸಲೂ ಇಲ್ಲ. ಬೆನ್ನನ್ನು ಕುರ್ಚಿಗೆ ಒರಗಿಸಿ, ಬಾಗಿಲಿಗೆ ಬೆನ್ನು ಮಾಡಿ, ಹಿಂದಿನ ಗೋಡೆಗೆ ಮುಖ ಮಾಡಿ ಕೂತಳು. ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ಚಾಕು ಎದೆಗೆ ಬರಬಾರದೆಂದು ಮೊದಲ ಟೂರಿನಲ್ಲೇ ಹಾರ್ನಣ್ಣನೇ ಹಾಗೆ ಕೂರಿಸಿದ್ದ.

"ಅಯ್ಯೋ," ಎಂದು ಮೊಮ್ಮಗಳು ಎದ್ದು ನಿಂತಳು. "ಅಜ್ಜಿ ಹಿಂದಿನ ಗಾಜಲ್ಲಿ ನೋಡಿದ್ದಾಳೆ!"

ನಿಜ, ಇಪ್ಪತ್ತೆರಡು ವರ್ಷ ಅವಳು ಊರುಗಳು ಬರುವುದನ್ನು ಕಂಡೇ ಇರಲಿಲ್ಲ, ಹೋಗುವುದನ್ನಷ್ಟೇ ಕಂಡಿದ್ದಳು. ಬಸ್ಸಿನ ಬಲ ಅವಳಿಗೆ ಎಡ. ಮೊಮ್ಮಗಳು ಪುಸ್ತಕದಲ್ಲಿದ್ದ ಎಡವನ್ನೆಲ್ಲ ಬಲ ಮಾಡಿ, ಬಲವನ್ನೆಲ್ಲ ಎಡ ಮಾಡಿ ಫೋನಿನೊಂದಿಗೆ ಹಿಡಿದು ನೋಡಿದಳು. ಒಂದೂ ತಪ್ಪಿರಲಿಲ್ಲ. ಮಗಳು ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಅಳಿಯ ಕೆಮ್ಮಿದ.

ಕೂತಲ್ಲಿಂದ ಏಳದೆಯೇ ಸೌಟಮ್ಮ ಹೇಳಿದಳು. "ಹಾಗಾದ್ರೆ ಮರಾನೂ ನಿಜ, ಅವಳೂ ನಿಜ. ಆ ಸೀಟು ಅವಳದು. ಕೋಟೆ ತೋರಿಸ್ತೀನಿ ಅಂತ ಮಾತು ಕೊಟ್ಟು ನಿಲ್ಲಿಸಿ ಬಂದಿದ್ದೀನಿ."

ಪೊರಕೆಯಕ್ಕನ ಕತೆ ಅಂದು ಪೂರ್ತಿ ಹೊರಬಂತು. ಇದ್ದಾರೋ ಇಲ್ಲವೋ ಎಂದು ಅಳಿಯನ ನಾಲಿಗೆಯ ತುದಿಗೆ ಬಂದಿತ್ತು, ಹೆಂಡತಿ ನೋಡಿದ ನೋಟಕ್ಕೆ ಒಳಗೇ ಉಳಿಯಿತು. ಹಾರ್ನಣ್ಣ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ನಾಲ್ಕನೆಯ ದಿನದವರೆಗೂ ಯಾಕೆ ಕಾಯ್ತೀರಿ, ಟೂರನ್ನೇ ತಿರುಗಿಸಿ ಎಂದ. ಮೊದಲ ದಿನವೇ ಕೋಟೆಯ ಊರನ್ನು ದಾಟಿ ಹಳ್ಳಿಗೆ ಹೋಗಿ, ಇದ್ದರೆ ಕರೆದುಕೊಂಡು ಅರ್ಧ ಬುಟ್ಟಿ ಈರುಳ್ಳಿಯಷ್ಟು ಹಿಂದಕ್ಕೆ ಬಂದು ಕೋಟೆ ನೋಡಿ, ಮಾರನೆಯ ದಿನ ಮುಂದೆ ಹೋಗುವಾಗ ಅವರನ್ನು ಮನೆಗೆ ಬಿಡಿ. ಆಮೇಲೆ ಗಾಳಿ ಊರು, ನೊಣದ ಊರು, ಕೊನೆಗೆ ಗಡಸು ನೀರಿನ ಊರು. ಅಳಿಯ ತನ್ನ ಬೆಳಗ್ಗೆ, ಮಧ್ಯಾಹ್ನ, ರಾತ್ರಿಗಳನ್ನೆಲ್ಲ ಹೊಡೆದುಹಾಕಿ, ಐದು ದಿನವೇ ಇರಲಿ ಎಂದ. ತನ್ನ ಅಕ್ಕನಿಗೆ ಏನು ಹೇಳುವುದೆಂದು ಮಾತ್ರ ಹೆಂಡತಿಯನ್ನೇ ಕೇಳಿದ. ಹಾರ್ನಣ್ಣ ಹೋಗುವಾಗ, ತಿರುವಿನಲ್ಲಿ ಹಾರ್ನ್ ಹೊಡೆಯೋದು ಮರೀಬೇಡಿ ಎಂದು ಅಳಿಯನಿಗೆ ಮೂರು ಸಲ ಹೇಳಿದ.

ರಜೆಯ ಮೊದಲ ದಿನ ಬೆಳಗ್ಗೆಯೇ ಹೊರಟರು. ಸೌಟಮ್ಮನಿಗೆ ಮುಂದಿನ ಸೀಟು. ಕೋಟೆಯ ಊರು ಕಳೆದು ಹಳೆಯ ರಸ್ತೆಗೆ ಇಳಿದ ಮೇಲೆ ಅವಳು ಕಣ್ಣರೆಪ್ಪೆ ಬಡಿಯಲಿಲ್ಲ. ಬಸ್ಸಿನಲ್ಲಿ ಅವಳಿಂದ ದೂರ ದೂರ ಸರಿದು ಹೋಗುತ್ತಿದ್ದ ಇಟ್ಟಿಗೆ ಗೂಡು, ಬಾಗಿದ ಕಲ್ಲು, ಕೆಂಪು ಹೆಂಚಿನ ಶಾಲೆ, ಎಲ್ಲವೂ ಈಗ ಅದೇ ಮುಖ ಹೊತ್ತು ಅವಳ ಕಡೆಗೇ ಬರುತ್ತಿದ್ದವು. ಎಡಕ್ಕೆ ಶಾಲೆ ಎಂದಳು. ಈಗ ಹೋಗುತ್ತಿದ್ದದ್ದು ತಿರುಗುಮುಖದ ದಾರಿ, ಎಡಕ್ಕೇ ಇತ್ತು. ಮೊಮ್ಮಗಳು ಫೋನನ್ನು ಚೀಲಕ್ಕೆ ಹಾಕಿದಳು.

ಹಳ್ಳಿಯಲ್ಲಿ ಮರ ಇರಲಿಲ್ಲ. ಅದರ ಜಾಗದಲ್ಲಿ ನೀರಿನ ಟ್ಯಾಂಕು ನಿಂತಿತ್ತು. ಆದರೆ ಟ್ಯಾಂಕಿನ ಬುಡ ಚೊಕ್ಕಟವಾಗಿ ಗುಡಿಸಿತ್ತು. ಎದುರಿನ ಜಗಲಿಯಲ್ಲಿ ಬಿಳಿಗೂದಲಿನ ಮುದುಕಿಯೊಬ್ಬಳು ಕಾಲು ಚಾಚಿ ಕೂತು ಪೊರಕೆಗೆ ದಾರ ಸುತ್ತುತ್ತಿದ್ದಳು. ಸೌಟಮ್ಮ ಇಳಿದು, ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ಮುದುಕಿ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಬಸ್ಸಿನ ಅಡುಗೆಯವಳಾ?" ಎಂದಳು. "ತಡ ಆಯ್ತಲ್ಲ."

"ಕಂಪನಿ ಮುಚ್ಚಿಬಿಟ್ಟರು ಕಣಕ್ಕ. ಹೇಳಿಕಳಿಸೋಕೆ ಆಗಲಿಲ್ಲ."

"ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಬೈದಾಗಿತ್ತು. ಹೊತ್ತು ಮುಳುಗೋವರೆಗೂ ನಿಂತಿದ್ದೆ, ಹೊಸ ಚಪ್ಪಲಿ ಬೇರೆ, ಕಚ್ಚಿಬಿಡ್ತು."

ಸೌಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ಕೈಯಲ್ಲಿ ಈರುಳ್ಳಿಯೂ ಇರಲಿಲ್ಲ. ಪೊರಕೆಯಕ್ಕ ಪಕ್ಕದ ಕಡ್ಡಿಗಳನ್ನು ಸರಿಸಿ ಜಾಗ ಮಾಡಿದಳು, ಕೂತ್ಕೋ ಎಂದಳು. ಕೂತ ಮೇಲೆ, ಹೊರಡು, ಕೋಟೆಗೆ ಕರೆದುಕೊಂಡು ಹೋಗೋಕೆ ಬಂದಿದ್ದೀನಿ ಎಂದು ಸೌಟಮ್ಮ ಹೇಗೋ ಹೇಳಿ ಮುಗಿಸಿದಳು.

ಪೊರಕೆಯಕ್ಕ ದಾರವನ್ನು ಹಲ್ಲಿನಲ್ಲಿ ಕಡಿದಳು. ಕೋಟೆಯನ್ನು ಅವಳು ನೋಡಿಯಾಗಿತ್ತು. ಬಸ್ಸು ಬಾರದ ಆ ತಿಂಗಳ ಕೊನೆಗೆ, ಇದೇನು ಮಹಾ ಎಂಬ ಸಿಟ್ಟಿನಲ್ಲಿ ಒಬ್ಬಳೇ ನಡೆದು ಹೋಗಿ ಹತ್ತಿದ್ದಳು. ಮೆಟ್ಟಿಲ ಮೇಲಿನ ಕಸ ನೋಡಿ ಕಾವಲಿನವನನ್ನು ಗದರಿ, ಮಾರನೆಯ ವಾರ ಹತ್ತು ಪೊರಕೆ ಕೊಟ್ಟು ಬಂದಿದ್ದಳು. ಅಂದಿನಿಂದ ಇಂದಿನವರೆಗೂ ಆ ಕೋಟೆ ಗುಡಿಸುವುದು ಅವಳು ಕಟ್ಟಿದ ಪೊರಕೆಗಳೇ. ಎಷ್ಟು ಸಲ ಹತ್ತಿದ್ದಾಳೋ ಅವಳಿಗೇ ನೆನಪಿಲ್ಲ.

"ನೀನು?" ಎಂದು ಕೇಳಿದಳು. "ಆಮೇಲಾದ್ರೂ ನೋಡಿದ್ಯಾ?"

"ಇಲ್ಲ."

"ಇಷ್ಟು ವರ್ಷ ಏನು ಮಾಡ್ತಿದ್ದೆ?"

"ಕೆಲಸ," ಎಂದಳು ಸೌಟಮ್ಮ. "ಈಗಂತೂ ಮಂಡಿ ನೋವು. ಇನ್ನೂರು ಮೆಟ್ಟಿಲಂತೆ. ನಿನಗೆ ತೋರಿಸಿ ನಾನು ಕೆಳಗೇ ಕೂರೋಣ ಅಂತಿದ್ದೆ."

"ಅದು ಟೂರಿನವರ ದಾರಿ. ಗುಡಿಸೋರ ದಾರಿ ಬೇರೆ ಇದೆ, ಹಿಂದುಗಡೆ. ಗಾಡಿ ಬಾಗಿಲ ತನಕ ಹೋಗುತ್ತೆ, ನಲವತ್ತೇ ಮೆಟ್ಟಿಲು, ಅದೂ ಅಗಲ. ಏಳು."

ಒಳಗೆ ಹೋಗಿ, ಟ್ರಂಕು ತೆಗೆದ ಸದ್ದು ಮಾಡಿ, ಮಡಿಕೆ ಮುರಿಯದ ಬಟ್ಟೆಯೊಂದನ್ನು ಉಟ್ಟು ಬಂದಳು. ಬೀಗ ಹಾಕಿದಳು, ಎರಡು ಸಲ ಎಳೆದು ನೋಡಿದಳು. ಕಾರಿನ ಹತ್ತಿರ ಬಂದವಳು ಹಿಂದಿನ ಸೀಟಿನ ಕಡೆ ಕಣ್ಣೂ ಹಾಯಿಸಲಿಲ್ಲ. ದಾರಿ ಹೇಳಬೇಕಲ್ಲ ಎಂದು ಮುಂದಿನ ಬಾಗಿಲು ತೆಗೆದು ಅಳಿಯನ ಪಕ್ಕ ಕೂತಳು. ಸೌಟಮ್ಮ ಹಿಂದೆ, ಮಗಳು ಮೊಮ್ಮಗಳ ನಡುವೆ ಒತ್ತಿಕೊಂಡು ಕೂತಳು. ನಿಧಾನ ಹೋಗಪ್ಪ, ಮುಂದೆ ಕೋಳಿಗಳಿವೆ ಎಂದು ಪೊರಕೆಯಕ್ಕ ಅಳಿಯನಿಗೆ ಹೇಳಿದಳು. ಆಮೇಲೆ ಹಿಂದಕ್ಕೆ ತಿರುಗಿ ಸೌಟಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಚಪ್ಪಲಿ ಹಳೇದು ತಾನೆ?" ಎಂದಳು. "ಒಳ್ಳೇದಾಯ್ತು. ಮೇಲೆ ಪೂರ್ತಿ ಸುತ್ತಬೇಕು, ಅರ್ಧಕ್ಕೆ ಬಿಡೋಳಲ್ಲ ನಾನು."